ಇಂಗ್ಲೆಂಡಿನ ಅರಮನೆಗೆ ಸ್ಕಾಟ್ಲೆಂಡಿನ ಕಾರ್ಡು: ನಿಜಕ್ಕೂ ಉಳಿತಾಯವೇ?

ರೀಡಿಂಗ್‌ನ ತುಂಗೆ
ಎಲ್ಲರಿಗೂ ನಮಸ್ಕಾರ. ಈ ಬೇಸಿಗೆಗೆ ಶಿವಮೊಗ್ಗದಿಂದ ಇಂಗ್ಲೆಂಡಿನ ನಮ್ಮ ಮನೆಗೆ ಅಪ್ಪ, ಅಮ್ಮ ಬರುತ್ತಿದ್ದಾರೆ. ಮೂರು ತಿಂಗಳು ನಮ್ಮ ಜೊತೆಗೇ ಇರುತ್ತಾರೆ. ಅಪ್ಪ ಇತಿಹಾಸದ ಮೇಷ್ಟರಾಗಿ ನಿವೃತ್ತರಾದವರು. ಲಂಡನ್ ಐ ಎಂಬ ದೊಡ್ಡ ತಿರುಗುಚಕ್ರ ತೋರಿಸಿದರೆ "ಇಂಥದ್ದು ನಮ್ಮ ಮಾರಿಕಾಂಬೆ ಜಾತ್ರೆಯಲ್ಲೂ ತಿರುಗುತ್ತದೆ" ಎಂದು ಬಿಡುತ್ತಾರೆ. ಕೋಟೆ, ಅರಮನೆ ಎಂದರೆ ಮಾತ್ರ ಎಲ್ಲರಿಗಿಂತ ಮೊದಲು ಷೂ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ.

ಸಮಸ್ಯೆ ಇರುವುದು ದುಡ್ಡಿನದು. ನಾನು, ಯಜಮಾನರು, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಜೊತೆಗೆ ಅಪ್ಪ, ಅಮ್ಮ. ಒಂದೊಂದು ಜಾಗಕ್ಕೂ ಟಿಕೆಟ್ ತೆಗೆದುಕೊಳ್ಳುತ್ತಾ ಹೋದರೆ ಬೇಸಿಗೆ ಮುಗಿಯುವ ಮೊದಲೇ ಸಂಬಳ ಮುಗಿಯುತ್ತದೆ. ಹಳೆಯ ಅರಮನೆ, ತೋಟಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟಿಗೆ ವರ್ಷದ ಸದಸ್ಯರಾದರೆ ಅದರ ಜಾಗಗಳಿಗೆ ಟಿಕೆಟ್ ಬೇಡ, ಆದರೆ ಆ ಸದಸ್ಯತ್ವ ಒಬ್ಬರಿಗೇ ನೂರು ಪೌಂಡಿನ ಆಸುಪಾಸಿಗೆ ಬಂದು ನಿಂತಿದೆ. ಕೋಟೆ, ಸ್ಮಾರಕಗಳನ್ನು ನೋಡಿಕೊಳ್ಳುವ ಇನ್ನೊಂದು ಸಂಸ್ಥೆ ಇಂಗ್ಲಿಷ್ ಹೆರಿಟೇಜ್‌ನದು ಬೇರೆಯೇ ಲೆಕ್ಕ. ಕಚೇರಿಯಲ್ಲಿ ಒಬ್ಬರು "ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್‌ಗೆ ಸೇರಿಕೊಳ್ಳಿ, ಅದು ಅಗ್ಗ, ಇಲ್ಲಿನ ಬಾಗಿಲುಗಳೂ ತೆರೆಯುತ್ತವೆ" ಎಂದರು. ಕೇಳಲು ಚೆನ್ನಾಗಿದೆ, ಆದರೆ ನಂಬುವುದು ಹೇಗೆ? ಯಾರಾದರೂ ಬಳಸಿದ್ದೀರಾ? ಅಪ್ಪ, ಅಮ್ಮನನ್ನು ಯಾವ ಕಾರ್ಡಿನಲ್ಲಿ ಸೇರಿಸುವುದು?

ಗ್ಲಾಸ್ಗೋ ಮಳೆ
ನಿಮ್ಮ ಕಚೇರಿಯವರು ಹೇಳಿದ್ದು ನಿಜ. ಎರಡೂ ಬೇರೆ ಬೇರೆ ಸಂಸ್ಥೆಗಳು. ನ್ಯಾಷನಲ್ ಟ್ರಸ್ಟ್ 1895ರಲ್ಲಿ ಹುಟ್ಟಿದ್ದು, ಅದರ ವ್ಯಾಪ್ತಿ ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್. ಸ್ಕಾಟ್ಲೆಂಡಿನದು 1931ರಲ್ಲಿ ಹುಟ್ಟಿದ, ತನ್ನದೇ ಆಡಳಿತ ಇರುವ ಧರ್ಮಾರ್ಥ ಸಂಸ್ಥೆ. ಇವರ ಸದಸ್ಯರನ್ನು ಅವರು, ಅವರ ಸದಸ್ಯರನ್ನು ಇವರು ಪುಕ್ಕಟೆಯಾಗಿ ಒಳಗೆ ಬಿಡುವ ಒಪ್ಪಂದ ಎರಡರ ನಡುವೆ ಇದೆ. ನಾನು ಇರುವುದೇ ಇಲ್ಲಿ, ಹಾಗಾಗಿ ನನ್ನ ಬಳಿ ಇರುವುದು ಸ್ಕಾಟಿಷ್ ಕಾರ್ಡು. ತಂಗಿಯ ಮನೆಗೆ ದಕ್ಷಿಣಕ್ಕೆ ಬಂದಾಗಲೆಲ್ಲ ಅದನ್ನೇ ತೋರಿಸುತ್ತೇನೆ. ಬಾಗಿಲಲ್ಲಿ ಇರುವವರು ಕಾರ್ಡಿನ ಹೆಸರು ನೋಡಿ "ಓ, ಅಷ್ಟು ದೂರದಿಂದ ಬಂದಿರಾ" ಎನ್ನುತ್ತಾರೆ, ಅಷ್ಟೇ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ, ಹೊಸಬರೆಲ್ಲ ಎಡವುವುದು ಇಲ್ಲಿಯೇ. ಈ ಕಾರ್ಡು ಹಿಡಿದು ಎಡಿನ್‌ಬರಾ ಕೋಟೆಗೆ ಹೋಗಬೇಡಿ. ಆ ಕೋಟೆ, ಸ್ಟರ್ಲಿಂಗ್ ಕೋಟೆ ಎರಡೂ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಕೈಯಲ್ಲಿವೆ, ಅದು ಸರ್ಕಾರದ ಕಡೆಯ ಸಂಸ್ಥೆ. ಕಲ್ಲೇನ್ ಕೋಟೆ, ಕಲ್ಲೋಡೆನ್ ರಣರಂಗ, ಗ್ಲೆನ್‌ಫಿನ್ನನ್, ಇನ್‌ವರ್‌ಯೂ ತೋಟ, ಕವಿ ಬರ್ನ್ಸ್ ಹುಟ್ಟಿದ ಮನೆ, ಇವು ಟ್ರಸ್ಟಿನವು.

ಕಾಫಿಪುಡಿ
ಸಂಸ್ಥೆಗಳು ನಾಲ್ಕು, ಕಾರ್ಡುಗಳು ನಾಲ್ಕು, ಪರ್ಸು ಮಾತ್ರ ಒಂದೇ.

ಲೆಕ್ಕದ ಪುಸ್ತಕ
ತುಂಗೆಯವರೇ, ಕಾರ್ಡು ಯಾವುದು ಎಂದು ಕೇಳುವ ಮೊದಲು ಜಾಗಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪಕ್ಕದಲ್ಲಿ ಯಾರ ಒಡೆತನ ಎಂದು ಬರೆಯಿರಿ. ಮುಕ್ಕಾಲು ಪಾಲು ಗೊಂದಲ ಅಲ್ಲಿಯೇ ಕರಗುತ್ತದೆ. ಹೇಳಿ ಕೇಳಿ ನೀವು ರೀಡಿಂಗ್‌ನಲ್ಲಿ ಇದ್ದೀರಿ. ಸುತ್ತಮುತ್ತ ಬೇಸಿಲ್ಡನ್ ಪಾರ್ಕ್, ಗ್ರೇಸ್ ಕೋರ್ಟ್, ಕ್ಲೈವ್‌ಡನ್, ದಿ ವೈನ್, ಎಲ್ಲವೂ ನ್ಯಾಷನಲ್ ಟ್ರಸ್ಟಿನವು. ವಾರಾಂತ್ಯಕ್ಕೆ ಸುಮ್ಮನೆ ಒಂದು ಸುತ್ತು ಹೋಗಿ ಬರುವ ಜಾಗಗಳು ಇವೇ. ಹಾಗಾಗಿ ನಿಮಗೆ ಟ್ರಸ್ಟಿನ ಬಾಗಿಲು ತೆರೆಯುವ ಕಾರ್ಡು ಮೊದಲು ಬೇಕು, ಇಂಗ್ಲಿಷ್ ಹೆರಿಟೇಜ್ ಆಮೇಲಿನ ಮಾತು.

ಇನ್ನೊಂದನ್ನು ಜನ ಮರೆಯುತ್ತಾರೆ. ಸದಸ್ಯತ್ವದ ಅರ್ಜಿಯಲ್ಲಿ ಗಿಫ್ಟ್ ಏಡ್ ಎಂಬ ಚೌಕ ಇರುತ್ತದೆ. ಇಲ್ಲಿ ತೆರಿಗೆ ಕಟ್ಟುವವರು ಅದಕ್ಕೆ ಗುರುತು ಹಾಕಿದರೆ ನೀವು ಕೊಟ್ಟ 80 ಪೌಂಡಿಗೆ ಸರ್ಕಾರ 20 ಪೌಂಡ್ ಸೇರಿಸಿ ಸಂಸ್ಥೆಗೆ ಕೊಡುತ್ತದೆ. ಅಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ನಿಮ್ಮ ಮನೆಯಲ್ಲಿ ಯಾರಾದರೂ ಶೇಕಡಾ 40ರ ತೆರಿಗೆ ಹಂತದಲ್ಲಿ ಇದ್ದರೆ ಆ ಒಟ್ಟು 100 ಪೌಂಡಿನ ಮೇಲೆ 20 ಪೌಂಡನ್ನು ಅವರು ತೆರಿಗೆ ಲೆಕ್ಕದಲ್ಲಿ ಹಿಂದಕ್ಕೆ ಕೇಳಬಹುದು. ಅದಕ್ಕಾಗಿ ಸದಸ್ಯತ್ವವನ್ನು ಹೆಚ್ಚು ತೆರಿಗೆ ಕಟ್ಟುವವರ ಖಾತೆಯಿಂದ ಕಟ್ಟಿ. ಕಾರ್ಡು ಬದಲಿಸದೆಯೇ ಆಗುವ ಉಳಿತಾಯ ಇದು.

ಗ್ಲಾಸ್ಗೋ ಮಳೆ
ನಮ್ಮಲ್ಲಿ ಆ ಹಂತ ಶೇಕಡಾ 42, ಹಾಗಾಗಿ 22 ಪೌಂಡ್ ಬರುತ್ತದೆ. ಸ್ಕಾಟ್ಲೆಂಡಿನಲ್ಲಿ ತೆರಿಗೆ ಜಾಸ್ತಿ ಎಂದು ಗೊಣಗುವವರಿಗೆ ಸಿಗುವ ಏಕೈಕ ಸಮಾಧಾನ.

ನೆಟ್ಟಗೆ ಮಾತು
ಯಾರಿಗೂ ಬೇಜಾರಾಗಬಾರದು, ಆದರೆ ನನಗೆ ಇದು ಸರಿ ಕಾಣುವುದಿಲ್ಲ. ಬರ್ಕ್‌ಷೈರ್‌ನಲ್ಲಿ ಮನೆ, ವರ್ಷಪೂರ್ತಿ ತಿರುಗುವುದು ಬರ್ಕ್‌ಷೈರ್ ಸುತ್ತಮುತ್ತ, ಕಾರ್ಡಿನ ದುಡ್ಡು ಮಾತ್ರ ಎಡಿನ್‌ಬರಾಕ್ಕೆ. ಒಪ್ಪಂದ ಇರುವುದು ಪ್ರವಾಸ ಬಂದವರಿಗೆ ಅನುಕೂಲವಾಗಲಿ ಎಂದು. ಎಲ್ಲರೂ ಹೀಗೆಯೇ ಮಾಡಿದರೆ ನಿಮ್ಮ ಬೇಸಿಲ್ಡನ್ ಪಾರ್ಕ್‌ನ ಚಾವಣಿ ಸೋರಿದಾಗ ದುರಸ್ತಿಗೆ ಯಾರು ಕೊಡುತ್ತಾರೆ? ಹತ್ತಿಪ್ಪತ್ತು ಪೌಂಡ್ ಉಳಿಸಿ ಅದನ್ನು ಅಲ್ಲಿಯ ಕ್ಯಾಂಟೀನಿನಲ್ಲಿ ಕಾಫಿ, ಕೇಕ್‌ಗೆ ಹಾಕುತ್ತೇವೆ.

ಗ್ಲಾಸ್ಗೋ ಮಳೆ
ಕಾಫಿ, ಕೇಕ್‌ಗೆ ಹಾಕಿದ ದುಡ್ಡು ಕೂಡ ಆ ಸಂಸ್ಥೆಗೇ ಹೋಗುತ್ತದೆಯಲ್ಲ ಸ್ವಾಮಿ! ತಮಾಷೆ ಬಿಡಿ. ನ್ಯಾಷನಲ್ ಟ್ರಸ್ಟಿಗೆ 50 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ನಮ್ಮದು ಅದರ ಮುಂದೆ ತೀರ ಚಿಕ್ಕದು. ದ್ವೀಪಗಳು, ಬೆಟ್ಟಗಳು, ಸಮುದ್ರದಂಚಿನ ಕೋಟೆಗಳು, ಎಲ್ಲವನ್ನೂ ಕಡಿಮೆ ಜನ ಕೊಡುವ ದುಡ್ಡಿನಲ್ಲಿ ನೋಡಿಕೊಳ್ಳಬೇಕು. ಒಬ್ಬ ಕನ್ನಡತಿ ರೀಡಿಂಗ್‌ನಿಂದ ನಮಗೆ ಕೊಟ್ಟರೆ ದೊಡ್ಡ ಟ್ರಸ್ಟು ಮುಳುಗುವುದಿಲ್ಲ.

ನೆಟ್ಟಗೆ ಮಾತು
ಒಬ್ಬರು ಕೊಟ್ಟರೆ ಮುಳುಗುವುದಿಲ್ಲ, ಸರಿ. ಆದರೆ ನೀವು ಹೇಳುತ್ತಿರುವುದು ಒಬ್ಬರಿಗಲ್ಲ, ಇಲ್ಲಿ ಓದುತ್ತಿರುವ ಎಲ್ಲರಿಗೂ. ಜೊತೆಗೆ ಸ್ಕಾಟಿಷ್ ಕಾರ್ಡು ಇದ್ದವರಿಗೆ ಇಲ್ಲಿನ ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ಮತ ಇಲ್ಲ. ಯಾವ ಅರಮನೆಯಲ್ಲಿ ಯಾರ ಇತಿಹಾಸ ಹೇಳಬೇಕು ಎಂದು ಆ ಸಭೆಗಳಲ್ಲಿ ಜಗಳವೇ ಆಗುತ್ತದೆ. ವಸಾಹತುಗಳಿಂದ ಬಂದ ದುಡ್ಡಿನ ಬಗ್ಗೆ 2020ರಲ್ಲಿ ಟ್ರಸ್ಟು ವರದಿ ಹೊರಡಿಸಿದಾಗ ಎಷ್ಟು ಗದ್ದಲವಾಯಿತು, ನೆನಪಿದೆಯೇ? ನಮ್ಮಂಥವರು ಮತ ಹಾಕಬೇಕಾದದ್ದು ಅಲ್ಲಿ.

ಲೆಕ್ಕದ ಪುಸ್ತಕ
ಇದು ಒಳ್ಳೆಯ ಮಾತು. ಮತ ಬೇಕು ಎನ್ನುವವರು ಇಲ್ಲಿನ ಟ್ರಸ್ಟಿಗೇ ಸೇರಲಿ. ಬಾಗಿಲು ತೆರೆದರೆ ಸಾಕು ಎನ್ನುವವರಿಗೆ ಒಪ್ಪಂದದ ಕಾರ್ಡು. ಎರಡು ಸಂಸ್ಥೆಗಳೂ ಒಪ್ಪಿ ಸಹಿ ಹಾಕಿರುವಾಗ ಅದನ್ನು ಕಳ್ಳದಾರಿ ಎನ್ನುವುದು ಅತಿಯಾಯಿತು.

ಅರಮನೆ ಅಲೆಮಾರಿ
ನಿಮ್ಮ ತಂದೆಯವರು ಇತಿಹಾಸದ ಮೇಷ್ಟರು ಎಂದಿರಿ. ಹಾಗಾದರೆ ಬೇರೆಲ್ಲ ಬಿಟ್ಟರೂ ಪೊವಿಸ್ ಕೋಟೆ ಬಿಡಬೇಡಿ. ವೇಲ್ಸ್‌ನ ವೆಲ್ಷ್‌ಪೂಲ್ ಪಕ್ಕದಲ್ಲಿದೆ, ನ್ಯಾಷನಲ್ ಟ್ರಸ್ಟಿನದು. ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್ ಆಗಿದ್ದವನು. ಅವನ ಹೆಂಡತಿ ಹೆನ್ರಿಯೆಟ್ಟಾ ಪೊವಿಸ್ ಮನೆತನದವಳು. 1800ರಲ್ಲಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಬೆಂಗಳೂರು, ಶ್ರೀರಂಗಪಟ್ಟಣವನ್ನೆಲ್ಲ ಸುತ್ತಿದ್ದಾಳೆ. ಅವರು ಸಂಗ್ರಹಿಸಿದ್ದೆಲ್ಲ ಈಗ ಆ ಕೋಟೆಯೊಳಗಿನ ಕ್ಲೈವ್ ಮ್ಯೂಸಿಯಮ್ಮಿನಲ್ಲಿದೆ.

ಅಲ್ಲಿ ಟಿಪ್ಪುವಿನ ಡೇರೆ ಇದೆ. ಡೇರೆ ಎಂದರೆ ಕ್ಯಾನ್ವಾಸಿನ ಒರಟು ಬಟ್ಟೆ ಅಲ್ಲ. ಬಣ್ಣ ಹಾಕಿದ ಹತ್ತಿಯ ಚಿಂಟ್ಸ್ ಬಟ್ಟೆ. ಬಿಳಿಯ ನೆಲದ ಮೇಲೆ ಕಮಾನು, ಕಮಾನಿನೊಳಗೆ ಹೂದಾನಿ, ಹೂದಾನಿಯಿಂದ ಎರಡೂ ಕಡೆಗೆ ಸರಿಸಮವಾಗಿ ಬಾಗಿದ ಕೆಂಪು ಹೂಗಳು, ಮತ್ತೆ ಕಮಾನು, ಮತ್ತೆ ಹೂದಾನಿ. ಹತ್ತಿರ ನಿಂತು ನೋಡಿದರೆ ದಂಡಿನ ಬಿಡಾರ ಎಂದು ಅನ್ನಿಸುವುದೇ ಇಲ್ಲ, ತೋಟದೊಳಗೆ ಹೊಕ್ಕಂತೆ ಇರುತ್ತದೆ. ಇದನ್ನು ಆಮೇಲೆ ಆ ಮನೆಯವರು ಹುಲ್ಲುಹಾಸಿನ ಮೇಲೆ ಕಟ್ಟಿ ಪಾರ್ಟಿ ಮಾಡುತ್ತಿದ್ದರಂತೆ. ಸಿಂಹಾಸನದಿಂದ ಕಿತ್ತ ಚಿನ್ನದ ಹುಲಿಯ ತಲೆಯೊಂದೂ ಅಲ್ಲಿದೆ. ಚಿಕ್ಕದು, ರತ್ನಗಳನ್ನು ಕೂರಿಸಿದ್ದು. ಸಿಂಹಾಸನವನ್ನು ಲೂಟಿ ಹಂಚುವವರು ತುಂಡು ತುಂಡು ಮಾಡಿ ಹಂಚಿದ್ದರಿಂದ ಅದರ ಭಾಗಗಳು ಹೀಗೆ ಒಂದೊಂದು ಮನೆ ಸೇರಿವೆ. ದೊಡ್ಡ ಹುಲಿಯ ತಲೆ ಮತ್ತು ಹುಮಾ ಪಕ್ಷಿ ರಾಜಮನೆತನದ ಸಂಗ್ರಹದಲ್ಲಿವೆ. ಯುರೋಪಿನ ಸೈನಿಕನನ್ನು ಕಚ್ಚುವ ಟಿಪ್ಪುವಿನ ಆ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ, ಅದಕ್ಕೆ ಪ್ರವೇಶ ಉಚಿತ, ಯಾವ ಕಾರ್ಡೂ ಬೇಡ.

ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿ ಬಂದವರು ಇದನ್ನು ನೋಡಿದರೆ ಆಗುವ ಸಂಕಟವೇ ಬೇರೆ.

ಮೈಸೂರು ಪಾಕ
ನಮ್ಮಿಂದ ತೆಗೆದುಕೊಂಡು ಹೋದದ್ದನ್ನು ನೋಡಲು ನಾವೇ ಟಿಕೆಟ್ ತೆಗೆದುಕೊಳ್ಳಬೇಕು. ಅದಕ್ಕೂ ರಿಯಾಯಿತಿ ಹುಡುಕಿಕೊಂಡು ಒಂದು ಚರ್ಚೆ.

ನೆಟ್ಟಗೆ ಮಾತು
ಈ ಒಂದು ಕಾರಣಕ್ಕೆ ರಿಯಾಯಿತಿಗೆ ನನ್ನ ವಿರೋಧ ಹಿಂದಕ್ಕೆ ಪಡೆಯಬೇಕು ಎನ್ನಿಸುತ್ತಿದೆ.

ವೇಲ್ಸ್ ವಾಸಿ
ಪೊವಿಸ್ ಬಗ್ಗೆ ಒಂದು ಸೇರಿಸುತ್ತೇನೆ. ವೇಲ್ಸ್‌ನಲ್ಲಿದೆ ಎಂದು ಕ್ಯಾಡೂ ಕಾರ್ಡು ತೆಗೆದುಕೊಂಡು ಅಲ್ಲಿಗೆ ಹೋಗಬೇಡಿ. ಕ್ಯಾಡೂ ಎನ್ನುವುದು ವೇಲ್ಸ್ ಸರ್ಕಾರದ ಪರಂಪರಾ ವಿಭಾಗ, ಅದರ ಕೈಯಲ್ಲಿ ಇರುವುದು ಕಾನ್ವಿ, ಕರ್ನಾರ್ವನ್, ಕೇರ್‌ಫಿಲಿಯಂಥ ಕೋಟೆಗಳು. ಪೊವಿಸ್ ಟ್ರಸ್ಟಿನದು, ಅದಕ್ಕೆ ಕ್ಯಾಡೂ ಕಾರ್ಡು ನಡೆಯದು.

ಈಗ ಎರಡನೆಯ ಒಪ್ಪಂದಕ್ಕೆ ಬರೋಣ. ಇದು ಟ್ರಸ್ಟುಗಳದ್ದಲ್ಲ, ಇನ್ನೊಂದು ಬಳಗದ್ದು. ಇಂಗ್ಲಿಷ್ ಹೆರಿಟೇಜ್, ಕ್ಯಾಡೂ, ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್, ಈ ಮೂರರಲ್ಲಿ ಯಾವುದಕ್ಕೆ ಸೇರಿದರೂ ಉಳಿದೆರಡರ ಜಾಗಗಳಿಗೆ ಮೊದಲ ವರ್ಷ ಅರ್ಧ ಬೆಲೆ, ಸದಸ್ಯತ್ವ ನವೀಕರಿಸಿದ ಮೇಲೆ ಪೂರ್ತಿ ಉಚಿತ. ಕ್ಯಾಡೂ ಸದಸ್ಯತ್ವ ಸಾಮಾನ್ಯವಾಗಿ ಇಂಗ್ಲಿಷ್ ಹೆರಿಟೇಜ್‌ಗಿಂತ ಅಗ್ಗ. ನಾನು ಕಾರ್ಡಿಫ್‌ನವನು, ನನಗೆ ಅದೇ ಸರಿ. ಎರಡನೆಯ ವರ್ಷದಿಂದ ಇಂಗ್ಲೆಂಡಿನ ಜಾಗಗಳಿಗೂ ಅದನ್ನೇ ತೋರಿಸುತ್ತೇನೆ.

ಇದರಲ್ಲೊಂದು ಸೂಕ್ಷ್ಮ ಇದೆ. ಸದಸ್ಯತ್ವ ಮೇ ತಿಂಗಳಲ್ಲಿ ಆರಂಭಿಸಿದರೆ ಮುಂದಿನ ಬೇಸಿಗೆ ರಜೆ ಬರುವಷ್ಟರಲ್ಲಿ ನವೀಕರಣ ಆಗಿರುತ್ತದೆ. ಆಗ ಎಡಿನ್‌ಬರಾ ಕೋಟೆಗೆ ದುಡ್ಡು ಕೊಡಬೇಕಿಲ್ಲ. ಆಗಸ್ಟ್ ಕೊನೆಗೆ ಆರಂಭಿಸಿದರೆ ಮುಂದಿನ ರಜೆಯೂ ಅರ್ಧ ಬೆಲೆಯ ವರ್ಷದೊಳಗೇ ಕಳೆದುಹೋಗುತ್ತದೆ. ಸ್ಕಾಟ್ಲೆಂಡ್ ಯಾತ್ರೆಯನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಕಾಫಿಪುಡಿ
ಮದುವೆಗೆ ಮುಹೂರ್ತ ನೋಡಿದ ಹಾಗೆ ಕಾರ್ಡಿಗೂ ಮುಹೂರ್ತ!

ರೀಡಿಂಗ್‌ನ ತುಂಗೆ
ಅಬ್ಬಾ, ಇಷ್ಟು ಬೇಗ ಇಷ್ಟೊಂದು ಉತ್ತರ. ಎಲ್ಲರಿಗೂ ಧನ್ಯವಾದ. ಪೊವಿಸ್ ವಿಷಯವನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದೆ, "ಮೊದಲು ಅದು, ಉಳಿದದ್ದು ಆಮೇಲೆ" ಎಂದರು. ಅಲ್ಲಿಗೆ ಟ್ರಸ್ಟಿನ ಕಾರ್ಡು ಖಾಯಂ.

ಇನ್ನು ಮೂರು ಸಂಶಯ. ಒಂದು, ಸ್ಟೋನ್‌ಹೆಂಜ್ ಎಂಬ ಪುರಾತನ ಕಲ್ಲುಗಳ ವೃತ್ತ ಯಾರದು? ಒಬ್ಬರು ಟ್ರಸ್ಟಿನದು ಎನ್ನುತ್ತಾರೆ, ಇನ್ನೊಬ್ಬರು ಇಂಗ್ಲಿಷ್ ಹೆರಿಟೇಜಿನದು ಎನ್ನುತ್ತಾರೆ. ಎರಡು, ಕುಟುಂಬದ ಕಾರ್ಡಿನಲ್ಲಿ ಅಜ್ಜ, ಅಜ್ಜಿ ಬರುತ್ತಾರೆಯೇ? ಮೂರು, ಯಜಮಾನರು ಬರದ ದಿನ ಅವರ ಕಾರ್ಡನ್ನು ಅಪ್ಪನಿಗೆ ಕೊಟ್ಟರೆ ಯಾರಾದರೂ ಕೇಳುತ್ತಾರೆಯೇ?

ನೆಟ್ಟಗೆ ಮಾತು
ಮೂರನೆಯದಕ್ಕೆ ನಾನು ಹೇಳುತ್ತೇನೆ: ಬೇಡ. ಕಾರ್ಡಿನ ಮೇಲೆ ಹೆಸರು ಇದೆ, ಬೇರೆಯವರಿಗೆ ಕೊಡುವಂತಿಲ್ಲ. ನಿವೃತ್ತ ಮೇಷ್ಟರನ್ನು ಬಾಗಿಲಲ್ಲಿ ನಿಲ್ಲಿಸಿ ಅಳಿಯನ ಹೆಸರು ಹೇಳಿಸುತ್ತೀರಾ?

ಅರಮನೆ ಅಲೆಮಾರಿ
ಸ್ಟೋನ್‌ಹೆಂಜ್ ವಿಷಯದಲ್ಲಿ ಇಬ್ಬರೂ ಹೇಳುವುದು ಸರಿ. ಕಲ್ಲುಗಳನ್ನು ನೋಡಿಕೊಳ್ಳುವುದು, ಟಿಕೆಟ್ ಕೊಡುವುದು ಇಂಗ್ಲಿಷ್ ಹೆರಿಟೇಜ್. ಸುತ್ತಲಿನ ಹುಲ್ಲುಗಾವಲು ಬಹುಪಾಲು ನ್ಯಾಷನಲ್ ಟ್ರಸ್ಟಿನದು. ಈ ನೆರೆಹೊರೆಯ ಕಾರಣಕ್ಕೆ ಇಲ್ಲಿನ ಟ್ರಸ್ಟಿನ ಸದಸ್ಯರನ್ನೂ ಉಚಿತವಾಗಿ ಬಿಡುತ್ತಾರೆ. ಆದರೆ ಅದು ಆ ಇಬ್ಬರ ನಡುವಿನ ಏರ್ಪಾಡು. ಸ್ಕಾಟ್ಲೆಂಡ್ ಅಥವಾ ಹೊರದೇಶದ ಟ್ರಸ್ಟಿನ ಕಾರ್ಡು ಹಿಡಿದು ಅಲ್ಲಿಗೆ ಹೋಗಿ ಹಕ್ಕು ಎಂದು ಕೇಳಬೇಡಿ. ಒಪ್ಪಂದ ಇರುವುದು ಟ್ರಸ್ಟಿನ ಜಾಗಗಳಿಗೆ, ಸ್ಟೋನ್‌ಹೆಂಜ್‌ನ ಬಾಗಿಲಲ್ಲಿ ಕೂತಿರುವುದು ಟ್ರಸ್ಟ್ ಅಲ್ಲ. ಸದಸ್ಯರಾದರೂ ಸಮಯ ಮೊದಲೇ ಕಾಯ್ದಿರಿಸಿಕೊಂಡು ಹೋಗಿ, ಬೇಸಿಗೆಯಲ್ಲಿ ಜನ ಜಾತ್ರೆಯಂತೆ ಇರುತ್ತಾರೆ.

ಲೆಕ್ಕದ ಪುಸ್ತಕ
ಎರಡನೆಯದಕ್ಕೆ: ನ್ಯಾಷನಲ್ ಟ್ರಸ್ಟಿನ ಕುಟುಂಬ ಕಾರ್ಡು ಒಂದೇ ವಿಳಾಸದ ಇಬ್ಬರು ದೊಡ್ಡವರು ಮತ್ತು ಅವರ ಮಕ್ಕಳು ಅಥವಾ ಮೊಮ್ಮಕ್ಕಳಿಗೆ. ದೊಡ್ಡವರು ಇಬ್ಬರೇ. ನಾಲ್ವರು ಹಿರಿಯರನ್ನು ಒಂದರಲ್ಲಿ ತುಂಬಲು ಆಗುವುದಿಲ್ಲ. ನಿಮ್ಮ ಮಗನಿಗೆ ನಾಲ್ಕು ವರ್ಷ, ಐದರ ಕೆಳಗಿನವರಿಗೆ ಟ್ರಸ್ಟಿನಲ್ಲಿ ಹೇಗೂ ಟಿಕೆಟ್ ಇಲ್ಲ, ಅವನನ್ನು ಲೆಕ್ಕದಿಂದ ಬಿಡಿ.

"ಮೊಮ್ಮಕ್ಕಳು" ಎಂಬುದನ್ನು ಗಮನಿಸಿದಿರಾ? ವಾರದ ದಿನಗಳಲ್ಲಿ ನೀವಿಬ್ಬರೂ ಕೆಲಸಕ್ಕೆ ಹೋಗುತ್ತೀರಿ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ತಿರುಗುವವರು ಅಜ್ಜ, ಅಜ್ಜಿ. ಮೂರು ತಿಂಗಳಿಗೆ ಕುಟುಂಬ ಕಾರ್ಡನ್ನು ಅವರ ಹೆಸರಿನಲ್ಲೇ ತೆಗೆದು, ನೀವು ಹೋದ ದಿನ ನಿಮ್ಮ ಟಿಕೆಟ್ ಕೊಂಡರೂ ಲೆಕ್ಕ ಕೂಡಬಹುದು. ಇಂಗ್ಲಿಷ್ ಹೆರಿಟೇಜ್ ಇನ್ನೂ ಉದಾರ. ಒಬ್ಬ ವಯಸ್ಕ ಸದಸ್ಯರ ಜೊತೆ 18ರ ಕೆಳಗಿನ ಆರು ಮಕ್ಕಳವರೆಗೆ ಉಚಿತ. ಹಿರಿಯರಿಗೆ ದರದಲ್ಲೂ ರಿಯಾಯಿತಿ ಇದೆ.

ಹೊರದೇಶದಿಂದ ಬಂದವರಿಗೆಂದೇ ಕಡಿಮೆ ಅವಧಿಯ ಪಾಸುಗಳೂ ಇವೆ. ಟ್ರಸ್ಟಿನ ಟೂರಿಂಗ್ ಪಾಸ್ 7 ಅಥವಾ 14 ದಿನ, ಇಂಗ್ಲಿಷ್ ಹೆರಿಟೇಜಿನದು 9 ಅಥವಾ 16 ದಿನ. ಎರಡು ವಾರ ಬಂದು ಹೋಗುವವರಿಗೆ ಇದೇ ವಾಸಿ. ಮೂರು ತಿಂಗಳಿಗೆ ಸಾಲದು.

ಮೆಲ್ಬರ್ನ್ ಮಾವ
ನಾನು ದೂರದವನು, ಆದರೂ ಬಾಯಿ ಹಾಕುತ್ತೇನೆ. ಆಸ್ಟ್ರೇಲಿಯಾದಲ್ಲೂ ನ್ಯಾಷನಲ್ ಟ್ರಸ್ಟ್ ಇದೆ, ಆದರೆ ರಾಜ್ಯಕ್ಕೊಂದು. ಮೊದಲು ಶುರುವಾದದ್ದು ನ್ಯೂ ಸೌತ್ ವೇಲ್ಸ್‌ನಲ್ಲಿ, 1945ರಲ್ಲಿ. ನಮ್ಮೂರಿನ ರಿಪ್ಪನ್ ಲೀ ತೋಟಕ್ಕೆಂದು ತೆಗೆದುಕೊಂಡ ಕಾರ್ಡು ಇಂಗ್ಲೆಂಡಿನ ಟ್ರಸ್ಟಿನಲ್ಲೂ ನಡೆಯುತ್ತದೆ. ಮಗಳ ಮನೆಗೆ ಬಂದಾಗ ಬಳಸಿದ್ದೇನೆ. ಕಾರ್ಡು ನೋಡಿದ ವೃದ್ಧ ಸ್ವಯಂಸೇವಕರೊಬ್ಬರು ಕ್ರಿಕೆಟ್ ಮಾತಿಗೆ ಎಳೆದರು, ಅರ್ಧ ಗಂಟೆ ಅಲ್ಲಿಯೇ ಹೋಯಿತು. ಮನೆಯಾಕೆ ಒಳಗೆಲ್ಲ ನೋಡಿಕೊಂಡು ವಾಪಸ್ ಬಂದಾಗಲೂ ನಾವು ಬಾಗಿಲಲ್ಲೇ ಇದ್ದೆವು.

ಕಾಫಿಪುಡಿ
ಮಾವ, ಹಾಗಾದರೆ ನನ್ನ ಹೆಸರಿಗೂ ಅಲ್ಲಿಂದ ಒಂದು ಕಾರ್ಡು ಮಾಡಿಸಿ ಕಳುಹಿಸಿ, ದುಡ್ಡು ಹಾಕುತ್ತೇನೆ.

ಮೆಲ್ಬರ್ನ್ ಮಾವ
ಅದು ಬೇಡ ಮಾರಾಯರೇ. ಪ್ರವಾಸಿಗಳಿಗೆ ಎಂದು ಮಾಡಿದ ಸೌಕರ್ಯವನ್ನು ಸ್ಲೌ ಊರಿನಲ್ಲಿ ಕೂತು ಬಳಸಿದರೆ ನಾಳೆ ನಿಯಮ ಬಿಗಿ ಮಾಡುತ್ತಾರೆ. ಆಗ ನಿಜವಾಗಿ ವಿಮಾನ ಹತ್ತಿ ಬರುವ ನನ್ನಂಥವರಿಗೆ ಪೆಟ್ಟು. ಅಲ್ಲದೆ ನಮ್ಮ ಕಾರ್ಡಿಗೆ ನಿಮ್ಮ ಗಿಫ್ಟ್ ಏಡ್ ಬರುವುದಿಲ್ಲ.

ಹಂಪಿಯ ಬಂಡೆ
ಹೊಸಪೇಟೆಯಿಂದ ಬರೆಯುತ್ತಿದ್ದೇನೆ. ನಿಮ್ಮ ಈ ಕಾರ್ಡುಗಳ ಕಥೆ ಓದಿ ಹೊಟ್ಟೆ ಉರಿಯಿತು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ ಇಂಥ ವಾರ್ಷಿಕ ಕಾರ್ಡು ಮಾಡಲು ಏನು ಕಷ್ಟ? ಬಾದಾಮಿ, ಐಹೊಳೆ, ಪಟ್ಟದಕಲ್ಲು ಒಂದೇ ದಿನದಲ್ಲಿ ನೋಡುವವರು ಮೂರು ಕಡೆ ಸಾಲು ನಿಲ್ಲುತ್ತಾರೆ. ನಮ್ಮಲ್ಲಿ ಒಂದು ಅನುಕೂಲ ಉಂಟು: ವಿಜಯ ವಿಠ್ಠಲ ದೇವಸ್ಥಾನದಲ್ಲಿ ತೆಗೆದುಕೊಂಡ ಟಿಕೆಟ್ ಅದೇ ದಿನ ಕಮಲ ಮಹಲಿನ ಆವರಣಕ್ಕೂ ನಡೆಯುತ್ತದೆ. ಎಷ್ಟೋ ಜನ ಅದನ್ನು ಬಿಸಾಡಿ ಎರಡನೆಯ ಸಲ ಕೊಳ್ಳುತ್ತಾರೆ. ಚೀಟಿ ಜೋಪಾನ.

ವೇಲ್ಸ್ ವಾಸಿ
ಆದರೆ ನಿಮ್ಮ ಟಿಕೆಟ್ 40 ರೂಪಾಯಿ! ಇಲ್ಲಿ ಅಷ್ಟಕ್ಕೆ ಕಾರು ನಿಲ್ಲಿಸಲೂ ಬಿಡುವುದಿಲ್ಲ. 15ರ ಕೆಳಗಿನ ಮಕ್ಕಳಿಗೆ ಅದೂ ಇಲ್ಲ. ಕಾರ್ಡು ಏಕೆ ಬೇಕು?

ಹಂಪಿಯ ಬಂಡೆ
40 ರೂಪಾಯಿ ಭಾರತೀಯರಿಗೆ, ಹೊರದೇಶದವರಿಗೆ 600. ನೆರೆಯ ದೇಶಗಳ ಕೂಟಗಳಾದ ಸಾರ್ಕ್ ಮತ್ತು ಬಿಮ್‌ಸ್ಟೆಕ್ ದೇಶದವರಿಗೆ ಮಾತ್ರ ನಮ್ಮದೇ ದರ. ಇಲ್ಲಿ ಕೊಡುಕೊಳ್ಳುವಿಕೆ ಅಷ್ಟಕ್ಕೇ ನಿಂತಿದೆ. ನಾನು ಕೇಳುತ್ತಿರುವುದು ದುಡ್ಡು ಉಳಿಸಲು ಅಲ್ಲ. ಕಾರ್ಡು ಇದ್ದವನು "ಇನ್ನೊಂದು ಕಾರ್ಡಿನ ಜಾಗ ಹತ್ತಿರದಲ್ಲಿ ಯಾವುದಿದೆ" ಎಂದು ಹುಡುಕಿಕೊಂಡು ಹೋಗುತ್ತಾನೆ. ಹಂಪಿಗೆ ಬಂದವನು ಆನೆಗೊಂದಿಯನ್ನೂ ನೋಡುತ್ತಾನೆ, ಲಕ್ಕುಂಡಿಗೂ ಇಳಿಯುತ್ತಾನೆ. ಈಗ ಬರುವವರು ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ಮಧ್ಯಾಹ್ನಕ್ಕೆ ಹೊರಟುಬಿಡುತ್ತಾರೆ.

ಗ್ಲಾಸ್ಗೋ ಮಳೆ
ಒಸಿಐ ಕಾರ್ಡು, ಅಂದರೆ ಹೊರದೇಶದ ಪೌರತ್ವ ಇರುವ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡು ಇರುವವರಿಗೆ ಒಂದು ಮಾತು. ರಾಷ್ಟ್ರೀಯ ಸ್ಮಾರಕಗಳಲ್ಲಿ ನಮಗೂ ಭಾರತೀಯರ ದರವೇ ಅನ್ವಯ, ಕೇಂದ್ರದ ಅಧಿಸೂಚನೆಯಲ್ಲಿಯೇ ಇದೆ. ಆದರೂ ಕಳೆದ ಸಲ ಒಂದು ಸ್ಮಾರಕದ ಟಿಕೆಟ್ ಕಿಟಕಿಯಲ್ಲಿ "ಪಾಸ್‌ಪೋರ್ಟ್ ಹೊರಗಿನದು, 600 ಕೊಡಿ" ಎಂದು ಪಟ್ಟು ಹಿಡಿದರು. ನಾನು ಕನ್ನಡದಲ್ಲಿ ವಾದಿಸುತ್ತಿದ್ದೇನೆ, ಅವರು ಹಿಂದಿಯಲ್ಲಿ ಬೋರ್ಡ್ ತೋರಿಸುತ್ತಿದ್ದಾರೆ. ಹಿಂದೆ ನಿಂತಿದ್ದ ಶಾಲಾ ಮಕ್ಕಳಿಗೆ ಪುಕ್ಕಟೆ ನಾಟಕ. ಅಧಿಸೂಚನೆಯ ಪ್ರತಿಯನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು ಹೋಗಿ, ಮಾತು ಮೊಟಕಾಗುತ್ತದೆ.

ಮೈಸೂರು ಪಾಕ
ಏಪ್ರಿಲ್ 18, ವಿಶ್ವ ಪರಂಪರೆಯ ದಿನ ನಮ್ಮ ಸ್ಮಾರಕಗಳಿಗೆ ಪ್ರವೇಶ ಉಚಿತ. ಬೇಲೂರು, ಹಳೇಬೀಡಿಗೆ ವರ್ಷಪೂರ್ತಿ ಉಚಿತ. ಹೊಯ್ಸಳರು ಯಾವ ಕಾರ್ಡೂ ಕೇಳುವುದಿಲ್ಲ.

ಕಾಫಿಪುಡಿ
ಅರಮನೆ ಬಿಡಿ, ಊಟದ ವಿಷಯ ಯಾರೂ ಎತ್ತಲಿಲ್ಲ. ಆರು ಜನ ಕ್ಯಾಂಟೀನಿನಲ್ಲಿ ತಿಂದರೆ ಕಾರ್ಡಿನಲ್ಲಿ ಉಳಿದದ್ದೆಲ್ಲ ಅಲ್ಲಿಗೇ ಸಮ. ಟ್ರಸ್ಟಿನ ತೋಟಗಳಲ್ಲಿ ಬುತ್ತಿ ಬಿಚ್ಚಿ ಕೂರಲು ಯಾರೂ ಬೇಡ ಎನ್ನುವುದಿಲ್ಲ. ನಮ್ಮ ಮನೆಯಲ್ಲಿ ಚಿತ್ರಾನ್ನ, ಮೊಸರನ್ನ, ಒಂದು ಬಾಟಲಿ ಮಜ್ಜಿಗೆ. ಅಮ್ಮ ಮಾವಿನಕಾಯಿ ಉಪ್ಪಿನಕಾಯಿಯ ಮುಚ್ಚಳ ತೆರೆದ ತಕ್ಷಣ ಪಕ್ಕದ ಬೆಂಚಿನ ದಂಪತಿ ತಿರುಗಿ ನೋಡಿದರು. ಹೊರಡುವಷ್ಟರಲ್ಲಿ ಆ ಯಜಮಾನರು ಬ್ರೆಡ್ಡಿಗೆ ಅದನ್ನು ಸವರಿಕೊಂಡು ತಿನ್ನುತ್ತಿದ್ದರು, ಕಣ್ಣಲ್ಲಿ ನೀರು.

ಅರಮನೆ ಅಲೆಮಾರಿ
ಕ್ರೀಮ್, ಜಾಮ್ ಹಚ್ಚಿ ತಿನ್ನುವ ಸ್ಕೋನ್ ಎಂಬ ಬನ್ನನ್ನು ಮಾತ್ರ ಅಲ್ಲಿಯೇ ತಿನ್ನಬೇಕು. ಅದನ್ನು ಮನೆಯಿಂದ ತರುವುದು ಮಹಾಪಾಪ. ಕ್ರೀಮ್ ಮೊದಲೋ ಜಾಮ್ ಮೊದಲೋ ಎಂಬ ಜಗಳಕ್ಕೆ ಬೇರೆಯೇ ಚರ್ಚೆ ಬೇಕಾಗುತ್ತದೆ.

ವೇಲ್ಸ್ ವಾಸಿ
ಜಾಮ್ ಮೊದಲು. ಚರ್ಚೆ ಮುಗಿಯಿತು.

ನಿರ್ವಾಹಕ
ದಯವಿಟ್ಟು ವಿಷಯಕ್ಕೆ ಬನ್ನಿ. ಉಪ್ಪಿನಕಾಯಿಗೆ ಅಡುಗೆ ವಿಭಾಗ ಇದೆ.

ಲೆಕ್ಕದ ಪುಸ್ತಕ
ವಿಷಯಕ್ಕೆ ಬರುತ್ತೇನೆ. ಇನ್ನೂ ಕೆಲವು ಸಣ್ಣ ಸಂಗತಿ. ಜಾಗಕ್ಕೆ ಹೋಗಿ ಟಿಕೆಟ್ ತೆಗೆದುಕೊಂಡು ನೋಡಿ ಇಷ್ಟವಾದರೆ, ಅದೇ ದಿನ ಅಲ್ಲಿಯೇ ಸದಸ್ಯರಾದರೆ ಟಿಕೆಟ್ ಹಣವನ್ನು ಸದಸ್ಯತ್ವದಲ್ಲಿ ಮುರಿದುಕೊಳ್ಳುವ ಪದ್ಧತಿ ಹಲವು ಕಡೆ ಇದೆ, ಕೌಂಟರಿನಲ್ಲಿ ಕೇಳಿ. ಸದಸ್ಯತ್ವ ಡೈರೆಕ್ಟ್ ಡೆಬಿಟ್‌ನಲ್ಲಿ ತೆಗೆದುಕೊಂಡರೆ ವರ್ಷ ತುಂಬಿದ ಕೂಡಲೇ ತಾನಾಗಿ ನವೀಕರಣವಾಗುತ್ತದೆ. ಅಪ್ಪ, ಅಮ್ಮ ಊರಿಗೆ ವಾಪಸ್ ಹೋದ ಮೇಲೆ ಅವರ ಕಾರ್ಡಿಗೆ ಕಂತು ಹೋಗುತ್ತಲೇ ಇರುವುದು ಬೇಡ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಾಗೆಯೇ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಾದ್ಯಂತ ಹೆರಿಟೇಜ್ ಓಪನ್ ಡೇಸ್ ನಡೆಯುತ್ತದೆ. ಆ ದಿನಗಳಲ್ಲಿ ಸಾಮಾನ್ಯವಾಗಿ ದುಡ್ಡು ಕೇಳುವ ಅಥವಾ ಬಾಗಿಲೇ ತೆರೆಯದ ಎಷ್ಟೋ ಕಟ್ಟಡಗಳು ಉಚಿತ. ನಿಮ್ಮವರು ಅಷ್ಟರವರೆಗೂ ಇದ್ದರೆ ಬಿಡಬೇಡಿ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲೂ ಅದೇ ತಿಂಗಳು ಇಂಥದ್ದು ಇದೆ.

ವಿಂಡ್ಸರ್ ಕೋಟೆ ಇವು ಯಾವುದರಲ್ಲಿಯೂ ಇಲ್ಲ, ಅಲ್ಲಿ ಟಿಕೆಟ್ ಕೊಡುವುದು ರಾಯಲ್ ಕಲೆಕ್ಷನ್ ಟ್ರಸ್ಟ್. ಅವರಿಂದಲೇ ನೇರವಾಗಿ ಕೊಂಡ ಟಿಕೆಟನ್ನು ಹೊರಡುವ ಮೊದಲು ವರ್ಷದ ಪಾಸಾಗಿ ಮಾಡಿಸಿಕೊಳ್ಳಬಹುದು. ಟವರ್ ಆಫ್ ಲಂಡನ್, ಹ್ಯಾಂಪ್ಟನ್ ಕೋರ್ಟ್‌ಗೆ ಮತ್ತೊಂದು ಸಂಸ್ಥೆ, ಮತ್ತೊಂದು ಕಾರ್ಡು.

ಅರಮನೆ ಅಲೆಮಾರಿ
ಬೇಸಿಲ್ಡನ್ ಪಾರ್ಕನ್ನು ಬರೀ ವಾರಾಂತ್ಯದ ತಿರುಗಾಟ ಎಂದು ತಳ್ಳಿಹಾಕಬೇಡಿ. ಅದನ್ನು ಕಟ್ಟಿಸಿದ ಫ್ರಾನ್ಸಿಸ್ ಸೈಕ್ಸ್ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಬಂಗಾಳದಲ್ಲಿ ದುಡ್ಡು ಮಾಡಿದವನು. ಎಷರ್‌ನ ಕ್ಲೇರ್‌ಮಾಂಟ್ ತೋಟ ರಾಬರ್ಟ್ ಕ್ಲೈವ್ ಕೊಂಡ ಎಸ್ಟೇಟಿನ ಭಾಗ, ಅದೂ ಟ್ರಸ್ಟಿನದು. ಪೊವಿಸ್‌ಗೆ ಹೋಗುವ ಮೊದಲು ಇವೆರಡನ್ನು ತೋರಿಸಿದರೆ ಮೇಷ್ಟರಿಗೆ ಒಂದು ದಾರವೇ ಸಿಗುತ್ತದೆ. ಇಂಗ್ಲಿಷ್ ಹೆರಿಟೇಜ್ ತೆಗೆದುಕೊಂಡರೆ ಆಸ್ಬರ್ನ್ ಹೌಸ್. ವಿಕ್ಟೋರಿಯಾ ರಾಣಿಯ ದರ್ಬಾರ್ ಕೋಣೆ ಅಲ್ಲಿದೆ, ವಿನ್ಯಾಸ ಮಾಡಿದವರು ಲಾಹೋರಿನ ಭಾಯಿ ರಾಮ್ ಸಿಂಗ್. ಗಾರೆ ಕೆಲಸ ನೋಡುತ್ತಾ ತಲೆಯೆತ್ತಿ ಕತ್ತು ನೋಯುತ್ತದೆ.

ನೆಟ್ಟಗೆ ಮಾತು
ಆಸ್ಬರ್ನ್ ಇರುವುದು ಐಲ್ ಆಫ್ ವೈಟ್ ದ್ವೀಪದಲ್ಲಿ. ಕಾರಿನ ಜೊತೆ ದೋಣಿಯಲ್ಲಿ ಹೋಗುವ ಖರ್ಚು ಕೇಳಿದರೆ ಸದಸ್ಯತ್ವವೇ ಅಗ್ಗ ಎನ್ನುತ್ತೀರಿ. ಕಾರನ್ನು ಈಚೆ ದಡದಲ್ಲಿ ಬಿಟ್ಟು ಕಾಲ್ನಡಿಗೆಯ ಪ್ರಯಾಣಿಕರಾಗಿ ಹೋಗಿ, ಆಚೆ ಬಸ್ ಇದೆ.

ರೀಡಿಂಗ್‌ನ ತುಂಗೆ
ಮನೆಯಲ್ಲಿ ಕೂತು ಮಾತಾಡಿ ತೀರ್ಮಾನಿಸಿದೆವು. ನ್ಯಾಷನಲ್ ಟ್ರಸ್ಟಿನ ಕುಟುಂಬ ಕಾರ್ಡು ನಮ್ಮ ಹೆಸರಿನಲ್ಲಿ, ಇಲ್ಲಿನದೇ. ನೆಟ್ಟಗೆ ಮಾತು ಅವರ ಮತದ ವಿಚಾರ ಯಜಮಾನರಿಗೆ ಹಿಡಿಸಿತು, ಜೊತೆಗೆ ಗಿಫ್ಟ್ ಏಡ್‌ನಲ್ಲಿ ಸ್ವಲ್ಪ ಹಿಂದಕ್ಕೆ ಬರುತ್ತದೆ. ಅಪ್ಪ, ಅಮ್ಮನಿಗೆ ಮಾತ್ರ ಸ್ಕಾಟ್ಲೆಂಡಿನ ಕಾರ್ಡು. ಅವರನ್ನು ಹೇಗೂ ಜುಲೈನಲ್ಲಿ ಇನ್‌ವರ್ನೆಸ್ ಕಡೆಗೆ ಕರೆದುಕೊಂಡು ಹೋಗುತ್ತೇವೆ, ಕಲ್ಲೋಡೆನ್ ನೋಡುತ್ತಾರೆ. ಹಾಗಾಗಿ ಯಾರೂ ಬೈಯುವಂತಿಲ್ಲ. ಇಂಗ್ಲಿಷ್ ಹೆರಿಟೇಜ್ ಮುಂದಿನ ವರ್ಷ ಮೇ ತಿಂಗಳಿಗೆ. ಸ್ಟೋನ್‌ಹೆಂಜ್ ದಿನ ಅಪ್ಪ, ಅಮ್ಮನಿಗೆ ಟಿಕೆಟ್ ಕೊಳ್ಳುತ್ತೇವೆ.

ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. "ಇಷ್ಟು ಲೆಕ್ಕ ಹಾಕುವ ಬದಲು ಒಂದು ಪ್ರಬಂಧ ಬರೆದುಬಿಡಬಹುದಿತ್ತು" ಎಂದರು.

ಗ್ಲಾಸ್ಗೋ ಮಳೆ
ಒಳ್ಳೆಯ ತೀರ್ಮಾನ. ಕಾರ್ಡು ಅಂಚೆಯಲ್ಲಿ ಬರಲು ಸಮಯ ಹಿಡಿಯುತ್ತದೆ, ಅವರು ವಿಮಾನ ಹತ್ತುವ ಮೊದಲೇ ನಿಮ್ಮ ವಿಳಾಸ ಕೊಟ್ಟು ಅರ್ಜಿ ಹಾಕಿ. ವಾಹನ ನಿಲುಗಡೆಗೆ ಯಾವ ಕಾರ್ಡು ಎಲ್ಲಿ ನಡೆಯುತ್ತದೆ ಎಂದು ಆಗಲೇ ಕೇಳಿಬಿಡಿ. ನಿಮ್ಮ ಕಾರಿಗೆ ನಿಮ್ಮ ಕಾರ್ಡು ಇರುತ್ತದೆ, ಹಾಗಾಗಿ ತೊಂದರೆ ಇಲ್ಲ. ಜುಲೈನಲ್ಲಿ ಇನ್‌ವರ್ನೆಸ್ ಎಂದಿರಾ? ಮಿಡ್ಜ್ ಎಂಬ ಸೊಳ್ಳೆಗಿಂತ ಸಣ್ಣ ಹುಳ ಕಚ್ಚಿ ಕೊಲ್ಲುತ್ತದೆ, ಅಮ್ಮನಿಗೆ ತುಂಬು ತೋಳಿನ ಸ್ವೆಟರ್ ಹೇಳಿ.

ಮೈಸೂರು ಪಾಕ
ಮಲೆನಾಡಿನವರಿಗೆ ಜಿಗಣೆ ನೋಡಿ ಅಭ್ಯಾಸ ಇದೆ, ಹುಳ ಯಾವ ಲೆಕ್ಕ.

ಕಾಫಿಪುಡಿ
ತುಂಗೆ ಅಕ್ಕ, ಕಾರಿನಲ್ಲಿ ಒಂದು ಸೀಟು ಖಾಲಿ ಇದ್ದರೆ ತಿಳಿಸಿ. ಪೊವಿಸ್‌ವರೆಗಿನ ಪೆಟ್ರೋಲಿಗೆ ನನ್ನ ಪಾಲು ಕೊಡುತ್ತೇನೆ, ಚಿತ್ರಾನ್ನವೂ ನನ್ನದೇ.

ರೀಡಿಂಗ್‌ನ ತುಂಗೆ
ಆರು ಜನ, ಏಳು ಸೀಟು. ಉಪ್ಪಿನಕಾಯಿ ತರುವುದಾದರೆ ಬನ್ನಿ.